ಹಳೆಯ ಚೈನ್‌ಸಾಗೆ ಎಷ್ಟು ಉದ್ದದ ಬಾರ್? ಅಳತೆಯಿಂದ ಪರೀಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಟ್ಟಿಗೆ ಅಡ್ಡೆಗಳಲ್ಲಿ ಮತ್ತು ತೋಟಗಳಲ್ಲಿ ಹಳೆಯ ಚೈನ್‌ಸಾಗಳು (ಎಂಜಿನ್ನಿನಿಂದ ಓಡುವ ಮರ ಕೊಯ್ಯುವ ಗರಗಸಗಳು) ಇನ್ನೂ ದುಡಿಯುತ್ತಿವೆ. ಅವುಗಳ ಬಗ್ಗೆ ಪದೇ ಪದೇ ಕೇಳಿಬರುವ ದೂರು ಒಂದೇ: ಹೊಸ ಬಾರ್ (ಚೈನ್ ಸುತ್ತಿ ಓಡುವ ಉದ್ದನೆಯ ಉಕ್ಕಿನ ಪಟ್ಟಿ) ಹಾಕಿಸಿದ ಮೇಲೆ ಯಂತ್ರ ಮೊದಲಿನಂತೆ ಕೊಯ್ಯುತ್ತಿಲ್ಲ, ಬಾರ್ ಕಾಯುತ್ತದೆ, ಚೈನ್ ಮರದೊಳಗೇ ನಿಂತುಬಿಡುತ್ತದೆ. ಇಂಥ ಯಂತ್ರಗಳನ್ನು ಬಿಚ್ಚಿ ನೋಡಿದರೆ ಎಂಜಿನ್ನಿನಲ್ಲಿ ದೋಷವಿರುವುದು ಕಡಿಮೆ. ಮಾಲೀಕರು ದಿಮ್ಮಿಯ ದಪ್ಪವನ್ನು ನೋಡಿ ಮೊದಲು ಉದ್ದವನ್ನು ನಿರ್ಧರಿಸಿ, ಉಳಿದದ್ದನ್ನೆಲ್ಲ ಆ ಉದ್ದಕ್ಕೆ ಹೊಂದಿಸಲು ಹೋಗಿರುತ್ತಾರೆ. ಸರಿಯಾದ ಕ್ರಮ ಇದಕ್ಕೆ ವಿರುದ್ಧವಾದದ್ದು. ಎಂಜಿನ್, ಬಾರ್ ಕೂರುವ ಜಾಗ, ಸ್ಪ್ರಾಕೆಟ್ (ಚೈನನ್ನು ಎಳೆಯುವ ಹಲ್ಲುಗಾಲಿ), ಆಯಿಲ್ ಪಂಪ್ ಈ ನಾಲ್ಕನ್ನೂ ಪರೀಕ್ಷಿಸಿದ ನಂತರವೇ ಉದ್ದದ ಪ್ರಶ್ನೆಗೆ ಬರಬೇಕು.

ಕೈಯಲ್ಲಿ ಇರಬೇಕಾದ ಉಪಕರಣಗಳು

ಅಳತೆ ಟೇಪು, ವರ್ನಿಯರ್ ಕ್ಯಾಲಿಪರ್, ಪ್ಲಗ್ ಪಾನಾ, ಕಂಪ್ರೆಷನ್ ಗೇಜ್ (ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಸಾಧನ), ಬ್ರಷ್, ಸ್ವಲ್ಪ ಸೀಮೆಎಣ್ಣೆ ಅಥವಾ ಡೀಸೆಲ್, ದಪ್ಪ ರಟ್ಟಿನ ಹಾಳೆ, ಪೆನ್ಸಿಲ್ ಮತ್ತು ಒಂದು ನೋಟ್‌ಪುಸ್ತಕ. ಕಂಪ್ರೆಷನ್ ಗೇಜ್ ನಿಮ್ಮಲ್ಲಿ ಇಲ್ಲದಿದ್ದರೆ ಬೈಕ್ ಮೆಕ್ಯಾನಿಕ್‌ನಿಂದ ಒಂದು ಗಂಟೆಯ ಮಟ್ಟಿಗೆ ಪಡೆಯಬಹುದು. ಆದರೆ ಅದರ ಅಡಾಪ್ಟರ್ ನಿಮ್ಮ ಪ್ಲಗ್ಗಿನ ಮರೆಗೆ (ಥ್ರೆಡ್ಡಿಗೆ) ಕೂರುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ವರ್ನಿಯರ್ ಮಾತ್ರ ಬಿಡುವಂತಿಲ್ಲ, ಏಕೆಂದರೆ ಇಲ್ಲಿ 0.2 ಮಿಲಿಮೀಟರ್ ವ್ಯತ್ಯಾಸವೂ ಚೈನನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ.

ಅಳತೆಗೆ ಕೈಹಾಕುವ ಮೊದಲು ಎಂಜಿನ್ ಪೂರ್ತಿ ತಣ್ಣಗಾಗಿರಬೇಕು, ಪ್ಲಗ್ಗಿನ ಕ್ಯಾಪ್ ಕಳಚಿರಬೇಕು ಮತ್ತು ಕೈಗೆ ದಪ್ಪ ಕೈಗವಸು ಇರಬೇಕು.

ಹಂತ 1: ಯಂತ್ರದ ಸಿಸಿಯನ್ನು ಖಚಿತಪಡಿಸಿಕೊಳ್ಳುವುದು

ಮಾದರಿಯ ಸಂಖ್ಯೆಯನ್ನು ನೋಡಿ ಶಕ್ತಿಯನ್ನು ಊಹಿಸುವುದು ಮೊದಲ ತಪ್ಪು. ಸ್ಟಿಲ್ 041 ಯಂತ್ರದ ಎಂಜಿನ್ 61 ಸಿಸಿ, 051ರದ್ದು 89 ಸಿಸಿ, 070ರದ್ದು 106 ಸಿಸಿ. ಅಂದರೆ ಸಂಖ್ಯೆಗೂ ಸಿಸಿಗೂ ನೇರ ಸಂಬಂಧವಿಲ್ಲ. ಮೆಕಲಕ್ 10-10 ಮತ್ತು ಹೋಮ್‌ಲೈಟ್ ಎಕ್ಸ್‌ಎಲ್-12 ಎರಡೂ ಸುಮಾರು 54 ಸಿಸಿಯ ಯಂತ್ರಗಳು. ಅಮೆರಿಕದ ಹಳೆಯ ಯಂತ್ರಗಳ ಫಲಕದಲ್ಲಿ ಘನ ಇಂಚಿನ ಲೆಕ್ಕವಿರುವುದುಂಟು, ಅದನ್ನು 16.4ರಿಂದ ಗುಣಿಸಿದರೆ ಸಿಸಿ ಸಿಗುತ್ತದೆ.

ಫಲಕ ಕಿತ್ತುಹೋಗಿದ್ದರೆ, ಅಥವಾ ಯಂತ್ರವು ಹೆಸರಾಂತ ಮಾದರಿಯ ನಕಲು ಎಂಬ ಸಂಶಯವಿದ್ದರೆ, ಸಿಲಿಂಡರಿನ ಒಳವ್ಯಾಸ ಮತ್ತು ಪಿಸ್ಟನ್ನಿನ ಓಟವನ್ನು ಅಳೆದು ಲೆಕ್ಕ ಹಾಕಬೇಕು. ನಮ್ಮ ಕಡೆ ಕೈಬದಲಾಗುವ ಹಳೆಯ ದೊಡ್ಡ ಯಂತ್ರಗಳಲ್ಲಿ ನಕಲಿ ಸಿಲಿಂಡರ್ ಕೂಡಿಸಿದವು ಸಾಕಷ್ಟಿರುವುದರಿಂದ ಈ ಎಚ್ಚರಿಕೆ ಅನಗತ್ಯವೆನಿಸದು.

ಇದೇ ಹಂತದಲ್ಲಿ ಯಂತ್ರ ನೇರ ಚಾಲನೆಯದೋ ಗೇರ್ ಇರುವುದೋ ಎಂದು ಗುರುತಿಸಿಕೊಳ್ಳಿ. ಸ್ಪ್ರಾಕೆಟ್ ಕ್ಲಚ್ಚಿನ ಅಕ್ಷದಲ್ಲೇ ಇದ್ದರೆ ಅದು ನೇರ ಚಾಲನೆ. ಸ್ಪ್ರಾಕೆಟ್ ಬೇರೆ ಅಕ್ಷದಲ್ಲಿದ್ದು, ನಡುವೆ ತನ್ನದೇ ಎಣ್ಣೆಯಿರುವ ಗೇರ್ ಪೆಟ್ಟಿಗೆ ಇದ್ದರೆ ಅದು ಗೇರ್ ಯಂತ್ರ. ಗೇರ್ ಯಂತ್ರದಲ್ಲಿ ಚೈನ್ ನಿಧಾನವಾಗಿ ಓಡುತ್ತದೆ, ಆದರೆ ಎಳೆತ ಹೆಚ್ಚು. ಅದೇ ಸಿಸಿಯ ನೇರ ಚಾಲನೆಯ ಯಂತ್ರಕ್ಕಿಂತ ಉದ್ದನೆಯ ಬಾರನ್ನು ಅದು ತಾಳುತ್ತದೆ. ಕೆಳಗೆ ಕೊಟ್ಟ ಉದ್ದದ ಲೆಕ್ಕ ನೇರ ಚಾಲನೆಯ ಯಂತ್ರಗಳದ್ದು.

ಹಂತ 2: ಎಂಜಿನ್ನಿನ ಇಂದಿನ ಶಕ್ತಿಯನ್ನು ಅಳೆಯುವುದು

ಫಲಕದ ಮೇಲಿನ ಸಿಸಿ ಯಂತ್ರ ಹೊಸದಾಗಿದ್ದಾಗಿನ ಮಾತು. ನಲವತ್ತು ಐವತ್ತು ವರ್ಷ ಎರೆಮಣ್ಣಿನ ಧೂಳನ್ನು ಕುಡಿದ ಎಂಜಿನ್ನಿನಲ್ಲಿ ರಿಂಗು ಸವೆದಿರುತ್ತದೆ, ಸಿಲಿಂಡರಿನ ಗೋಡೆ ಗೀಚಿರುತ್ತದೆ. ಆದ್ದರಿಂದ ಬಾರಿನ ಉದ್ದವನ್ನು ಈಗಿನ ಕಂಪ್ರೆಷನ್ನಿನ ಮೇಲೆ ನಿರ್ಧರಿಸಬೇಕು.

ಪ್ಲಗ್ ತೆಗೆದು ಗೇಜನ್ನು ಬಿಗಿಯಾಗಿ ಕೂರಿಸಿ, ಥ್ರಾಟಲ್ ಪೂರ್ತಿ ತೆರೆದಿಟ್ಟು, ಮುಳ್ಳು ಏರುವುದು ನಿಲ್ಲುವವರೆಗೆ ಸ್ಟಾರ್ಟರ್ ಹಗ್ಗವನ್ನು ಎಳೆಯಿರಿ. ಸಾಮಾನ್ಯವಾಗಿ ಐದಾರು ಎಳೆತ ಸಾಕು. 150 ಪಿಎಸ್‌ಐ ಸುತ್ತಮುತ್ತ ಬಂದರೆ ಎಂಜಿನ್ ಗಟ್ಟಿಯಾಗಿದೆ. 130ರ ಹತ್ತಿರವಿದ್ದರೆ ಕೆಲಸ ನಡೆಯುತ್ತದೆ, ಆದರೆ ಉದ್ದದಲ್ಲಿ 2 ಇಂಚು ಬಿಟ್ಟುಕೊಡಬೇಕಾಗುತ್ತದೆ. 110ಕ್ಕಿಂತ ಕೆಳಗಿದ್ದರೆ ಬಾರಿನ ವಿಚಾರವನ್ನು ಅಲ್ಲಿಗೇ ನಿಲ್ಲಿಸಿ, ರಿಂಗಿನ ಕೆಲಸವನ್ನು ಮೊದಲು ಮಾಡಿಸಿ. ಸವೆದ ಎಂಜಿನ್ನಿಗೆ ಹೊಸ ಬಾರ್ ಕೊಳ್ಳುವುದು ದುಡ್ಡು ಚೆಲ್ಲಿದಂತೆ.

ಕಂಪ್ರೆಷನ್ ಚೆನ್ನಾಗಿದ್ದೂ ಯಂತ್ರ ಸೊರಗಿದಂತೆ ಓಡಿದರೆ ಕಾರ್ಬುರೇಟರಿನ ಡಯಾಫ್ರಾಮ್ ನೋಡಿ. ಈಗ ಬಂಕಿನಲ್ಲಿ ಸಿಗುವ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಬೇಗ ಕೆಡಿಸುತ್ತದೆ. ಡಯಾಫ್ರಾಮ್ ಗಡುಸಾಗುತ್ತದೆ, ಪೆಟ್ರೋಲ್ ಪೈಪು ಮೆತ್ತಗಾಗಿ ಊದಿಕೊಳ್ಳುತ್ತದೆ. ಕೆಲಸ ಮುಗಿದ ದಿನ ಟ್ಯಾಂಕಿನಲ್ಲಿ ಪೆಟ್ರೋಲು ಬಿಡದಿರುವುದೇ ಇದಕ್ಕೆ ಮದ್ದು.

ಹಂತ 3: ಬಾರ್ ಕೂರುವ ಜಾಗದ ಅಳತೆ

ಹಳೆಯ ಯಂತ್ರಗಳಲ್ಲಿ ಅತಿ ಹೆಚ್ಚು ಹಣ ವ್ಯರ್ಥವಾಗುವುದು ಇಲ್ಲಿ. ಹೈದರಾಬಾದಿನಿಂದಲೋ ಸೋಲಾಪುರದಿಂದಲೋ ತಂದ ಬಾರ್ ಉದ್ದದಲ್ಲಿ ಸರಿಯಿದ್ದೂ ಯಂತ್ರದ ಮೇಲೆ ಕೂರುವುದಿಲ್ಲ. ಅಳೆಯಬೇಕಾದ ಅಂಶಗಳು ಮೂರು. ಮೊದಲನೆಯದು ಬಾರಿನ ಬಾಲದಲ್ಲಿರುವ ಉದ್ದ ಸೀಳಿನ ಅಗಲ. ಇದು ಯಂತ್ರದ ಸ್ಟಡ್ಡಿನ, ಅಂದರೆ ಬಾರನ್ನು ಬಿಗಿಯುವ ಬೋಲ್ಟಿನ, ದಪ್ಪಕ್ಕೆ ಹೊಂದಬೇಕು. ಎರಡನೆಯದು ಚೈನ್ ಬಿಗಿಮಾಡುವ ಗೂಟ ಕೂರುವ ತೂತಿನ ಸ್ಥಾನ. ಮೂರನೆಯದು ಆಯಿಲ್ ಬರುವ ತೂತು.

ಮೂರನ್ನೂ ಬಾಯಿಮಾತಿನಲ್ಲಿ ಅಂಗಡಿಯವರಿಗೆ ವಿವರಿಸುವುದು ಅಸಾಧ್ಯ. ಹಳೆಯ ಬಾರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಅದರ ಬಾಲವನ್ನು ರಟ್ಟಿನ ಮೇಲಿಟ್ಟು, ಅಂಚು, ಸೀಳು ಮತ್ತು ತೂತುಗಳನ್ನು ಪೆನ್ಸಿಲ್ಲಿನಿಂದ ಗುರುತುಮಾಡಿ ಕತ್ತರಿಸಿಕೊಳ್ಳಿ. ಆ ರಟ್ಟನ್ನು ಯಂತ್ರದ ಸ್ಟಡ್ಡಿನ ಮೇಲೆ ಕೂರಿಸಿ ನೋಡಿ, ಸರಿಹೊಂದಿದರೆ ಅದನ್ನೇ ಅಂಗಡಿಗೆ ಕೊಂಡೊಯ್ಯಿರಿ. ಹಳೆಯ ಬಾರೇ ಇಲ್ಲದಿದ್ದರೆ ಯಂತ್ರದ ಕಡೆಯಿಂದ ಅಳೆಯಿರಿ: ಸ್ಟಡ್ಡಿನ ದಪ್ಪ, ಎರಡು ಸ್ಟಡ್ಡುಗಳ ನಡುವಿನ ದೂರ, ಬಿಗಿಮಾಡುವ ಗೂಟವು ಸ್ಟಡ್ಡಿನಿಂದ ಎಷ್ಟು ಕೆಳಗೆ ಮತ್ತು ಎಷ್ಟು ಮುಂದೆ ಇದೆ ಎಂಬುದು.

ಸೀಳು ಸ್ಟಡ್ಡಿಗಿಂತ ಅಗಲವಾಗಿದ್ದರೆ ನಡುವೆ ತುಂಬುವ ಉಕ್ಕಿನ ಬುಷ್ ಹಾಕಿ ಸರಿಪಡಿಸಬಹುದು. ಸೀಳು ಕಿರಿದಾಗಿದೆಯೆಂದು ಗ್ರೈಂಡರಿನಲ್ಲಿ ಅಗಲ ಮಾಡಿಸುವುದು, ಅಥವಾ ಸ್ಟಡ್ಡನ್ನೇ ಕಾನಸಿನಿಂದ ತೇಯುವುದು ಖಂಡಿತ ಕೂಡದು. ಬಾರ್ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಕೊಯ್ತ ಒಂದು ಕಡೆಗೆ ಎಳೆಯುತ್ತದೆ. ಆಯಿಲ್ ತೂತು ಮಾತ್ರ ಹೊಂದದಿದ್ದಾಗ ಗಟ್ಟಿ ಡ್ರಿಲ್ ಬಿಟ್ಟಿನಿಂದ ಹೊಸ ತೂತು ಹೊಡೆಸುವುದು ಒಪ್ಪಬಹುದಾದ ಉಪಾಯ. ಆ ತೂತು ಬಾರಿನ ತೋಡಿಗೆ ನೇರವಾಗಿ ತೆರೆದುಕೊಳ್ಳಬೇಕು ಎಂಬುದನ್ನು ಲೇತ್‌ನವರಿಗೆ ಮೊದಲೇ ಹೇಳಬೇಕು.

ಹಂತ 4: ಪಿಚ್, ಗೇಜ್ ಮತ್ತು ಸ್ಪ್ರಾಕೆಟ್

ಚೈನಿನ ಅಕ್ಕಪಕ್ಕದ ಮೂರು ರಿವೆಟ್‌ಗಳ ನಡುವಿನ ದೂರವನ್ನು ಅಳೆದು ಅರ್ಧ ಮಾಡಿದರೆ ಪಿಚ್ ಸಿಗುತ್ತದೆ. ಮೊದಲನೆಯ ರಿವೆಟ್ಟಿನ ನಡುವಿನಿಂದ ಮೂರನೆಯದರ ನಡುವಿನವರೆಗೆ ಸುಮಾರು 16.5 ಮಿಲಿಮೀಟರ್ ಬಂದರೆ 0.325 ಇಂಚಿನ ಪಿಚ್, 18.6 ಬಂದರೆ 3/8, 20.5 ಬಂದರೆ 0.404, 25.4 ಬಂದರೆ ಅರ್ಧ ಇಂಚು. ಅರ್ಧ ಇಂಚಿನ ಪಿಚ್ ಗೇರ್ ಇರುವ ಹಳೆಯ ಯಂತ್ರಗಳಲ್ಲಿ ಕಾಣಸಿಗುತ್ತದೆ. ಸವೆದ ಚೈನ್ ಹಿಗ್ಗಿರುವುದರಿಂದ ಒಂದೇ ಜಾಗದಲ್ಲಿ ಅಳೆಯದೆ ನಾಲ್ಕಾರು ಕಡೆ ಅಳೆಯಿರಿ.

ಗೇಜ್ ಎಂದರೆ ಬಾರಿನ ತೋಡಿನೊಳಗೆ ಓಡುವ ಡ್ರೈವ್ ಲಿಂಕಿನ ದಪ್ಪ. ದೊಡ್ಡ ಯಂತ್ರಗಳಲ್ಲಿ 1.3, 1.5 ಅಥವಾ 1.6 ಮಿಲಿಮೀಟರ್ ಇರುತ್ತದೆ. ತೋಡು 1.6 ಇದ್ದು ಲಿಂಕು 1.5 ಇದ್ದರೆ ಚೈನ್ ಕೂರುತ್ತದೆ, ಓಡುತ್ತದೆ, ಅಂಗಡಿಯಲ್ಲಿ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಮರದೊಳಗೆ ಹೋದ ಮೇಲೆ ಚೈನ್ ಪಕ್ಕಕ್ಕೆ ವಾಲಿ ಕೊಯ್ತ ಬಾಗುತ್ತದೆ. ಬಾರ್ ಉದ್ದವಾದಷ್ಟೂ ಈ ವಾಲುವಿಕೆ ಹೆಚ್ಚು ಎದ್ದು ಕಾಣುತ್ತದೆ.

ಯಂತ್ರದ ಸ್ಪ್ರಾಕೆಟ್, ಚೈನ್ ಮತ್ತು ಬಾರಿನ ಮೂಗಿನಲ್ಲಿರುವ ಪುಟ್ಟ ಹಲ್ಲುಗಾಲಿ, ಈ ಮೂರರ ಪಿಚ್ ಒಂದೇ ಆಗಿರಬೇಕು. ಹಳೆಯ ಯಂತ್ರಗಳ ಮಾಲೀಕರಿಗೆ ಇಲ್ಲೊಂದು ಅನುಕೂಲವಿದೆ. ಮೂಗಿನಲ್ಲಿ ಗಾಲಿಯಿಲ್ಲದ ಗಟ್ಟಿ ಮೂಗಿನ ಬಾರುಗಳಿಗೆ ಪಿಚ್ಚಿನ ಕಟ್ಟುಪಾಡಿಲ್ಲ. ಗೇಜ್ ಹೊಂದಿದರೆ ಸಾಕು. ಅಪರೂಪದ ಪಿಚ್ಚಿನ ಯಂತ್ರವಿದ್ದವರು ಇಂಥ ಬಾರನ್ನೇ ಹುಡುಕುವುದು ಜಾಣತನ. ಆದರೆ ಗಟ್ಟಿ ಮೂಗಿನಲ್ಲಿ ಉಜ್ಜಾಟ ಹೆಚ್ಚು, ಆಯಿಲ್ ಹೆಚ್ಚು ಬೇಕು, ಚೈನನ್ನು ತುಸು ಸಡಿಲವಾಗಿಯೇ ಇಡಬೇಕು.

ಸ್ಪ್ರಾಕೆಟ್ಟಿನ ಹಲ್ಲುಗಳನ್ನೂ ಎಣಿಸಿ ಬರೆದುಕೊಳ್ಳಿ. 3/8 ಪಿಚ್ಚಿನ 7 ಹಲ್ಲಿನ ಸ್ಪ್ರಾಕೆಟ್ ಒಂದು ಸುತ್ತಿಗೆ ಸುಮಾರು 130 ಮಿಲಿಮೀಟರ್ ಚೈನನ್ನು ಎಳೆಯುತ್ತದೆ. 8 ಹಲ್ಲಿನದಾದರೆ ಎಳೆಯುವ ಉದ್ದ ಹೆಚ್ಚುತ್ತದೆ, ಎಳೆಯುವ ಬಲ ಕಡಿಮೆಯಾಗುತ್ತದೆ. ಯಾರೋ ಹಿಂದೆ ವೇಗಕ್ಕೆಂದು 8 ಹಲ್ಲಿನದನ್ನು ಹಾಕಿದ್ದ ಯಂತ್ರಕ್ಕೆ ಉದ್ದನೆಯ ಬಾರ್ ಕೂಡಿಸಿದರೆ ಎಂಜಿನ್ ಏದುಸಿರು ಬಿಡುವುದು ಸಹಜ. ಸ್ಪ್ರಾಕೆಟ್ಟಿನ ಹಲ್ಲುಗಳಲ್ಲಿ ಕಣ್ಣಿಗೆ ಕಾಣುವಷ್ಟು ಗುಳಿ ಬಿದ್ದಿದ್ದರೆ ಹೊಸ ಚೈನಿನ ಜೊತೆಗೇ ಅದನ್ನೂ ಬದಲಿಸಬೇಕು.

ಹಂತ 5: ಆಯಿಲ್ ಎಲ್ಲಿಯವರೆಗೆ ತಲುಪುತ್ತದೆ?

ಉದ್ದನೆಯ ಬಾರನ್ನು ಎಂಜಿನ್ ಎಳೆಯಬಲ್ಲದಾದರೂ ಆಯಿಲ್ ಪಂಪ್ ತಾಳದೆ ಸೋಲುವ ಯಂತ್ರಗಳು ಬಹಳ. ಇದನ್ನು ಹಳೆಯ ಬಾರ್ ಇರುವಾಗಲೇ ಪರೀಕ್ಷಿಸಬೇಕು. ಯಂತ್ರ ಚಾಲೂ ಮಾಡಿ, ಬಾರಿನ ಮೂಗನ್ನು ಒಂದು ಬಿಳಿ ರಟ್ಟಿನಿಂದ ಗೇಣುದ್ದ ದೂರದಲ್ಲಿ ಹಿಡಿದು, ಥ್ರಾಟಲ್ ಕೊಡಿ. ಕೆಲವೇ ಸೆಕೆಂಡುಗಳಲ್ಲಿ ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್ ತೆಗೆದು ಆಯಿಲ್ ತೂತು, ತೋಡು ಮತ್ತು ಟ್ಯಾಂಕಿನೊಳಗಿನ ಜಾಲರಿಯನ್ನು ತೊಳೆದು ಮತ್ತೆ ನೋಡಿ. ಆಗಲೂ ಮೂಡದಿದ್ದರೆ ಪಂಪ್ ದುರಸ್ತಿಯಾಗುವವರೆಗೆ ಉದ್ದ ಹೆಚ್ಚಿಸುವ ಮಾತೇ ಇಲ್ಲ.

ಹೆಬ್ಬೆರಳಿನಿಂದ ಒತ್ತುವ ಕೈ ಪಂಪ್ ಇರುವ ಯಂತ್ರಗಳಲ್ಲಿ ಆಯಿಲ್ ಬರುವುದು ಕೊಯ್ಯುವವನ ಅಭ್ಯಾಸವನ್ನು ಅವಲಂಬಿಸಿದೆ. 16 ಇಂಚಿಗೆ ರೂಢಿಯಾದ ಕೈ 24 ಇಂಚಿಗೂ ಅಷ್ಟೇ ಒತ್ತುತ್ತದೆ, ಮೂಗು ಒಣಗುತ್ತದೆ.

ನಮ್ಮ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದರಿಂದ ತೆಳು ಎಣ್ಣೆ ಬಾರಿನ ಮೂಗಿಗೆ ತಲುಪುವ ಮೊದಲೇ ಸಿಡಿದುಹೋಗುತ್ತದೆ. ಚೈನಿಗೆಂದೇ ಮಾರುವ ಅಂಟುಗುಣದ ಎಣ್ಣೆ ಉತ್ತಮ. ಸಿಗದಿದ್ದರೆ ಎಸ್‌ಎಇ 40 ದರ್ಜೆಯ ಹೊಸ ಎಂಜಿನ್ ಆಯಿಲ್ ಬಳಸಬಹುದು. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುತ್ತದೆಂದು ಟ್ರ್ಯಾಕ್ಟರಿನಿಂದ ಇಳಿಸಿದ ಕರಿ ಆಯಿಲ್ ಹಾಕುವ ಚಾಳಿ ಎಲ್ಲೆಡೆ ಇದೆ. ಅದರಲ್ಲಿರುವ ಲೋಹದ ಪುಡಿ ಪಂಪನ್ನು ಕೆಡಿಸುತ್ತದೆ, ಕೈಯ ಚರ್ಮಕ್ಕೂ ಅದು ಹಾನಿಕರ.

ಹಂತ 6: ಉದ್ದವನ್ನು ನಿರ್ಧರಿಸುವುದು

ಈಗ ನೋಟ್‌ಪುಸ್ತಕದಲ್ಲಿ ಸಿಸಿ, ಕಂಪ್ರೆಷನ್, ಪಿಚ್, ಗೇಜ್, ಹಲ್ಲಿನ ಎಣಿಕೆ ಮತ್ತು ಆಯಿಲ್ ಪರೀಕ್ಷೆಯ ಫಲಿತಾಂಶ ಇವೆ. ಗಟ್ಟಿ ಮರಕ್ಕೆ, ಒಳ್ಳೆಯ ಕಂಪ್ರೆಷನ್ ಇರುವ ಹಳೆಯ ಯಂತ್ರಕ್ಕೆ ಈ ಕೆಳಗಿನ ಮಿತಿ ಸುರಕ್ಷಿತ.

- 40ರಿಂದ 50 ಸಿಸಿ: 14ರಿಂದ 16 ಇಂಚು
- 50ರಿಂದ 60 ಸಿಸಿ: 16ರಿಂದ 18 ಇಂಚು
- 60ರಿಂದ 70 ಸಿಸಿ: 18ರಿಂದ 20 ಇಂಚು
- 70ರಿಂದ 90 ಸಿಸಿ: 20ರಿಂದ 24 ಇಂಚು
- 100 ಸಿಸಿಗಿಂತ ಹೆಚ್ಚು: 24ರಿಂದ 30 ಇಂಚು

ತಯಾರಕರ ಪಟ್ಟಿಗಳಲ್ಲಿ ಇದಕ್ಕಿಂತ ಉದ್ದದ ಬಾರುಗಳನ್ನು ಸೂಚಿಸಿರುವುದುಂಟು. ಆ ಪಟ್ಟಿಗಳು ಹೊಸ ಎಂಜಿನ್ನಿಗೆ ಮತ್ತು ಬಹುಪಾಲು ಮೆತ್ತನೆಯ ಮರಗಳಿಗೆ ಸಂಬಂಧಿಸಿದವು. ನಾವು ಕೊಯ್ಯುವುದು ಬಂಡಿಯ ಗಾಲಿಗೆ ಬಳಸುತ್ತಿದ್ದ ಜಾಲಿಯನ್ನು, ಗಾಣಕ್ಕೂ ಒನಕೆಗೂ ಒದಗುತ್ತಿದ್ದ ಹುಣಸೆಯನ್ನು. ಒಣಗಿದ ಹುಣಸೆಯ ಕೆಚ್ಚಿಗೆ ಮೇಲಿನ ಪಟ್ಟಿಯ ಎರಡು ಉದ್ದಗಳಲ್ಲಿ ಚಿಕ್ಕದನ್ನೇ ಹಿಡಿಯಬೇಕು. ಹಸಿ ಬೇವು, ಮಾವು, ಅರಳಿ ಮರಗಳಿಗೆ ದೊಡ್ಡದು ನಡೆಯುತ್ತದೆ.

ಬಾರ್ ಉದ್ದವಾದಾಗ ಎಂಜಿನ್ನಿನ ಮೇಲೆ ಹೊರೆ ಏಕೆ ಬೀಳುತ್ತದೆ ಎಂಬುದನ್ನು ತಿಳಿದರೆ ಲೆಕ್ಕ ಸುಲಭವಾಗುತ್ತದೆ. 3/8 ಪಿಚ್ಚಿನ ಸಾಮಾನ್ಯ ಚೈನಿನಲ್ಲಿ ಒಂದು ಕೊಯ್ಯುವ ಹಲ್ಲಿನಿಂದ ಇನ್ನೊಂದಕ್ಕೆ ಸುಮಾರು 37 ಮಿಲಿಮೀಟರ್ ದೂರವಿರುತ್ತದೆ. 16 ಇಂಚಿನ ಬಾರ್ ಪೂರ್ತಿ ಮರದೊಳಗಿದ್ದಾಗ ಏಕಕಾಲಕ್ಕೆ 11 ಹಲ್ಲುಗಳು ಕೊಯ್ಯುತ್ತವೆ. 24 ಇಂಚಿನದಾದರೆ 16 ಹಲ್ಲುಗಳು. ಅಂದರೆ ಹೊರೆಯನ್ನು ನಿರ್ಧರಿಸುವುದು ಮರದೊಳಗೆ ಹೂತಿರುವ ಭಾಗ. 24 ಇಂಚಿನ ಬಾರಿನಲ್ಲಿ 10 ಇಂಚಿನ ಕೊಂಬೆಯನ್ನು ಸಣ್ಣ ಎಂಜಿನ್ನೂ ಕೊಯ್ಯುತ್ತದೆ, ಹಾಗೆ ಕೊಯ್ದದ್ದನ್ನು ನೋಡಿಯೇ ಕೊಳ್ಳುವವರು ಮೋಸಹೋಗುತ್ತಾರೆ.

ಬೊಡ್ಡೆ 30 ಇಂಚು ದಪ್ಪ ಇದೆಯೆಂದು 30 ಇಂಚಿನ ಬಾರ್ ಬೇಕಿಲ್ಲ. ನೆಲದ ಮೇಲೆ ಬಿದ್ದಿರುವ ದಿಮ್ಮಿಯನ್ನು ಎರಡು ಕಡೆಯಿಂದ ಕೊಯ್ದರೆ ಬಾರಿನ ಉದ್ದದ ಎರಡರಷ್ಟಕ್ಕೆ ತುಸು ಕಡಿಮೆ ದಪ್ಪದವರೆಗೆ ಕೆಲಸ ಸಾಗುತ್ತದೆ. ವರ್ಷಕ್ಕೆ ಒಂದೆರಡು ದೊಡ್ಡ ಬೊಡ್ಡೆ ಬರುತ್ತವೆಂದು ವರ್ಷವಿಡೀ ಉದ್ದ ಬಾರನ್ನು ಹೊತ್ತು ತಿರುಗುವುದು ವಿವೇಕವಲ್ಲ. ಉದ್ದದ ಬಾರ್ ನಿಜಕ್ಕೂ ಬೇಕಾದವರು ಹಲ್ಲುಗಳ ನಡುವೆ ಹೆಚ್ಚು ಅಂತರವಿರುವ ಸ್ಕಿಪ್ ಚೈನ್ ಕೇಳಿ ಪಡೆಯಬೇಕು. ಅದು ಎಂಜಿನ್ನಿನ ಹೊರೆಯನ್ನು ಇಳಿಸುತ್ತದೆ.

ಕಡಿಮೆ ಉದ್ದದತ್ತ ವಾಲಲು ಇನ್ನೂ ಒಂದು ಕಾರಣವಿದೆ, ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. 1970ರ ದಶಕಕ್ಕಿಂತ ಹಿಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಚೈನ್ ಬ್ರೇಕ್ ಇರುವುದಿಲ್ಲ. ಬಾರಿನ ಮೂಗಿನ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಯ್ಯುವವನ ಮುಖದತ್ತ ಚಿಮ್ಮುತ್ತದೆ. ಉದ್ದನೆಯ ಬಾರಿನ ಮೂಗು ದಿಮ್ಮಿಯ ಆಚೆ, ಕಣ್ಣಿಗೆ ಕಾಣದ ಜಾಗದಲ್ಲಿ ಇರುತ್ತದೆ. ಬದುವಿನ ಬಳ್ಳಾರಿ ಜಾಲಿಯ ಪೊದೆಗಳಲ್ಲಿ ಹಿಂದೆ ಏನಿದೆ ಎಂದು ತಿಳಿಯುವುದೇ ಇಲ್ಲ. ಅಲ್ಲಿ 16 ಇಂಚನ್ನು ಮೀರದಿರುವುದು ಒಳಿತು.

ಹಂತ 7: ಅಂಗಡಿಯಲ್ಲಿ

ಬಾರಿನ ಉದ್ದವೆಂದರೆ ಯಂತ್ರದ ಮುಂಭಾಗದ ಮುಳ್ಳುಪಟ್ಟಿಯಿಂದ ಮೂಗಿನ ತುದಿಯವರೆಗೆ ಹೊರಗೆ ಕಾಣುವ, ಕೊಯ್ಯುವ ಭಾಗದ ಉದ್ದ. ಕವರಿನೊಳಗೆ ಸೇರಿಕೊಳ್ಳುವ ಬಾಲ ಇದರಲ್ಲಿ ಸೇರುವುದಿಲ್ಲ. ಟೇಪು ಹಿಡಿದು ತುದಿಯಿಂದ ತುದಿಗೆ ಅಳೆದು ಹೋದವರು ಮೂರು ನಾಲ್ಕು ಇಂಚು ಉದ್ದದ ಬಾರ್ ತರುತ್ತಾರೆ.

ಚೈನನ್ನು ಇಂಚಿನ ಲೆಕ್ಕದಲ್ಲಿ ಕೇಳಬೇಡಿ, ಡ್ರೈವ್ ಲಿಂಕುಗಳ ಎಣಿಕೆಯಲ್ಲಿ ಕೇಳಿ. 3/8 ಪಿಚ್ಚಿನ 18 ಇಂಚಿನ ಬಾರಿಗೆ ಒಂದು ಕಂಪನಿಯ ಯಂತ್ರದಲ್ಲಿ 66 ಲಿಂಕು ಬೇಕಾದರೆ ಇನ್ನೊಂದರಲ್ಲಿ 68 ಬೇಕಾಗುತ್ತದೆ, ಏಕೆಂದರೆ ಸ್ಪ್ರಾಕೆಟ್ಟಿನಿಂದ ಬಾರಿಗಿರುವ ದೂರ ಯಂತ್ರದಿಂದ ಯಂತ್ರಕ್ಕೆ ಬೇರೆ. ಸಾಧ್ಯವಿದ್ದರೆ ಯಂತ್ರವನ್ನೇ ಅಂಗಡಿಗೆ ಒಯ್ಯಿರಿ. ಹೊಸ ಚೈನ್ ಹಾಕಿದಾಗ ಬಿಗಿಮಾಡುವ ಗೂಟ ತನ್ನ ಓಟದ ಆರಂಭದಲ್ಲೇ ಇರಬೇಕು. ಕೊನೆಯಲ್ಲಿದ್ದರೆ ಚೈನ್ ಒಂದು ವಾರದಲ್ಲಿ ಹಿಗ್ಗಿ ಬಿಗಿಮಾಡಲು ಜಾಗವೇ ಉಳಿಯುವುದಿಲ್ಲ.

ಹಂತ 8: ಜೋಡಣೆ ಮತ್ತು ಮೊದಲ ಕೊಯ್ತ

ಬಾರಿನ ಮೂಗನ್ನು ಮೇಲಕ್ಕೆತ್ತಿ ಹಿಡಿದುಕೊಂಡೇ ಚೈನ್ ಬಿಗಿಮಾಡಿ, ನಂತರ ನಟ್ಟುಗಳನ್ನು ತಿರುಗಿಸಬೇಕು. ಚೈನ್ ಬಾರಿನ ಕೆಳಗಂಚಿಗೆ ತಾಗಿಕೊಂಡಿರಬೇಕು, ಆದರೂ ಕೈಯಿಂದ ಎಳೆದರೆ ಸರಾಗವಾಗಿ ಜಾರಬೇಕು. ಅರ್ಧ ಥ್ರಾಟಲ್ಲಿನಲ್ಲಿ ಎರಡು ಮೂರು ನಿಮಿಷ ಗಾಳಿಯಲ್ಲೇ ಓಡಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಬಿಗಿಮಾಡಿ. ಐಡಲಿನಲ್ಲಿ ಚೈನ್ ತಿರುಗುತ್ತಿದ್ದರೆ ಕೊಯ್ತಕ್ಕೆ ಹೋಗದೆ ಐಡಲ್ ಸ್ಕ್ರೂ ಸರಿಪಡಿಸಿ, ಅದರಿಂದ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗ್ ನೋಡಿಸಿ. ಮೊದಲ ಕೊಯ್ತ ಹಸಿ ಬೇವಿನಂಥ ಮರದಲ್ಲಿರಲಿ. ಬದುವಿನ ಮರಗಳಲ್ಲಿ ಮುಳ್ಳುತಂತಿಯೋ ಮೊಳೆಯೋ ಹೂತಿರುವುದು ಸಾಮಾನ್ಯವಾದ್ದರಿಂದ ಹೊಸ ಚೈನನ್ನು ಅಲ್ಲಿ ಪರೀಕ್ಷಿಸಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಕಾಲಿಗೆ ಗಟ್ಟಿ ಬೂಟು ಇಲ್ಲದೆ ಯಂತ್ರ ಎತ್ತಬಾರದು.

ಎಚ್ಚರಿಕೆಯ ಸೂಚನೆಗಳು

ಎಂಜಿನ್ ಜೋರಾಗಿ ಓಡುತ್ತಿದ್ದೂ ಚೈನ್ ಮರದೊಳಗೆ ನಿಂತರೆ ಕ್ಲಚ್ ಜಾರುತ್ತಿದೆ. ಕವರಿನ ಹತ್ತಿರ ಸುಟ್ಟ ವಾಸನೆ ಬರುತ್ತದೆ. ಹಾಗೆಯೇ ಮುಂದುವರಿಸಿದರೆ ಕ್ಲಚ್ ಡ್ರಮ್ ನೀಲಿಗಟ್ಟುತ್ತದೆ. ಬಾರಿನ ಅಂಚು ನೀಲಿಯಾದರೆ ಅಲ್ಲಿಗೆ ಆಯಿಲ್ ತಲುಪಿಲ್ಲ ಎಂದರ್ಥ. ಕೊಯ್ತ ಒಂದೇ ಕಡೆಗೆ ಬಾಗುತ್ತಿದ್ದರೆ ಗೇಜ್ ಅಥವಾ ಒಂದು ಬದಿಯ ಹಲ್ಲುಗಳ ಹರಿತವನ್ನು ಪರೀಕ್ಷಿಸಬೇಕು, ಉದ್ದವನ್ನು ದೂರಬಾರದು. ಚಕ್ಕೆಗಳ ಬದಲು ಹಿಟ್ಟಿನಂಥ ಪುಡಿ ಬೀಳುತ್ತಿದ್ದರೆ ಚೈನ್ ಮೊಂಡಾಗಿದೆ.

ಉದ್ದವೇ ತಪ್ಪಾಗಿದೆಯೋ ಇಲ್ಲವೋ ಎಂದು ತಿಳಿಯಲು, ಚೈನನ್ನು ಕಾನಸಿನಿಂದ ಚೆನ್ನಾಗಿ ಹರಿತಗೊಳಿಸಿ, ಒತ್ತದೆ ಯಂತ್ರದ ಭಾರದಿಂದಷ್ಟೇ ಕೊಯ್ಯಲು ಬಿಡಿ. ಮೊದಲು ಬಾರಿನ ಅರ್ಧದಷ್ಟು ದಪ್ಪದ ದಿಮ್ಮಿಯಲ್ಲಿ, ಆಮೇಲೆ ಬಾರ್ ಪೂರ್ತಿ ಹೂತುಹೋಗುವಷ್ಟು ದಪ್ಪದ ಅದೇ ಜಾತಿಯ ದಿಮ್ಮಿಯಲ್ಲಿ. ಮೊದಲನೆಯದರಲ್ಲಿ ಸರಾಗವಾಗಿ ಓಡಿದ ಎಂಜಿನ್ ಎರಡನೆಯದರಲ್ಲಿ ಕುಗ್ಗಿ, ಪ್ರತಿ ಸಲ ಹಿಂದಕ್ಕೆ ಎಳೆದು ಉಸಿರು ಕೊಡಬೇಕಾದರೆ ಬಾರ್ ಉದ್ದವಾಗಿದೆ. 2 ಇಂಚು ಕಡಿಮೆ ಉದ್ದದ ಬಾರ್ ಹಾಕಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ. ಕೊಂಡ ಚೈನನ್ನು ಎಸೆಯಬೇಕಾಗಿಲ್ಲ. ರಿವೆಟ್ ಬಿಚ್ಚಿ ಕೂಡಿಸುವ ಸಾಧನವಿರುವ ಅಂಗಡಿಯಲ್ಲಿ ಬೇಕಾದಷ್ಟು ಲಿಂಕು ಕಳೆಸಿ ಅದನ್ನೇ ಹೊಸ ಬಾರಿಗೆ ಹೊಂದಿಸಿಕೊಳ್ಳಬಹುದು.